ಕವುಚಿದ ಹರಿಗೋಲು

ಜುಲೈ 8, ಸಂಜೆ

ಇವತ್ತೂ ಇಂಗ್ಲಿಷ್ ಕ್ಲಾಸು. ರೆಸಾರ್ಟಿನ ಹಿಂದಿನ ಶೆಡ್ಡು. ಹರಿಗೋಲಿನವರು ಐದು ಜನ, ಕುರ್ಚಿ ನಾಲ್ಕು. ನಾನು ಲೈಫ್ ಜಾಕೆಟ್ಟುಗಳ ರಾಶಿಯ ಮೇಲೆ ಕುಳಿತೆ. ಮೆತ್ತಗಿತ್ತು.

ಕಲಿಸುವ ಹುಡುಗಿ ಸ್ಫೂರ್ತಿ. ದೋಣಿಮಲೈ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಬಸ್ಸು ಬದಲಿಸಿ ಹಂಪಿಗೆ ಬರುತ್ತಾಳೆ. ಗೋಡೆಗೆ ಚಾರ್ಟು ಅಂಟಿಸಿದ್ದಾಳೆ: ಕ್ಯಾನ್, ಕುಡ್, ಮೇ, ವುಡ್, ಶುಡ್, ಮಸ್ಟ್, ಕಾಂಟ್. ಕೊನೆಯ ಮೂರರ ಮೇಲೆ ಕೆಂಪು ಗೀಟು. ಎಳೆದವರು ಮ್ಯಾನೇಜರ್ ವಿಜಯಕುಮಾರ್.

"ಗೆಸ್ಟಿಗೆ ಮಸ್ಟ್ ಅನ್ನಂಗಿಲ್ಲ, ಶುಡ್ ಅನ್ನಂಗಿಲ್ಲ. ಆಗಂಗಿಲ್ಲ ಅಂತಂತೂ ಅನ್ನಂಗೇ ಇಲ್ಲ" ಎಂದರು.

ಇಪ್ಪತ್ತೈದಕ್ಕೆ ಪರೀಕ್ಷೆ. ಪಾಸಾಗದವರ ಹರಿಗೋಲಿಗೆ ರೆಸಾರ್ಟಿನ ಗೆಸ್ಟ್ ಇಲ್ಲ. ಅವರಿಲ್ಲದಿದ್ದರೆ ನನಗೆ ಹೊಳೆಯೇ ಇಲ್ಲ. ಅಪ್ಪ ಸತ್ತ ಮೇಲೆ ಹುಟ್ಟು ಹಿಡಿದು ಹದಿನೇಳು ವರ್ಷ... ಈಗ ನಾಲಿಗೆಗೆ ಪರೀಕ್ಷೆ!

ಜುಲೈ 9

ಎಮ್ಮೆಯ ಮುಂದೆ ಪ್ರಾಕ್ಟೀಸ್. ಬಾಗಿಲಿಗೆ ಅಡ್ಡ ಮಲಗಿತ್ತು. "ಕುಡ್ ಯು ಪ್ಲೀಸ್ ಮೂವ್?" ಮೆಲುಕು ಹಾಕಿತು. "ವುಡ್ ಯು ಲೈಕ್ ಟು ಮೂವ್?" ಕಣ್ಣು ಮುಚ್ಚಿತು.

ಒಳಗಿನಿಂದ ಅವ್ವ: "ಏನ್ ಬೇಡ್ಕೊಳ್ಳಾಕತ್ತೀಯೇ ಹೊಳೆಮ್ಮ ಅದಕ್ಕ?" ಬಂದು ಬೆನ್ನಿಗೆ ಒಂದು ಕೊಟ್ಟಳು. "ಏಳ್ ಲೇ!" ಎದ್ದಿತು.

ಮ್ಯಾನೇಜರರ ಪರೀಕ್ಷೆಯಲ್ಲಿ ಅವ್ವ ಫೇಲು.

ಜುಲೈ 12

ಟೋಪಿ ಹಾಕಿದ ಗೆಸ್ಟ್ ಒಬ್ಬ, ಎತ್ತರದ ಆಳು. ಕಲಿತಂತೆಯೇ ಕೇಳಿದೆ: "ವುಡ್ ಯು ಲೈಕ್ ಟು ವೇರ್ ದಿ ಜಾಕೆಟ್?" "ನೋ, ಥ್ಯಾಂಕ್ಯೂ." ಅವನದೇನೂ ತಪ್ಪಿಲ್ಲ. ಚಹಾ ಕುಡಿಯುತ್ತೀರಾ ಎಂಬಂತೆ ಕೇಳಿದೆ, ಚಹಾ ಒಲ್ಲೆ ಎಂಬಂತೆ ಹೇಳಿದ. "ಕುಡ್ ಯು ಪ್ಲೀಸ್..." ಎಂದೆ. "ಐ ಕ್ಯಾನ್ ಸ್ವಿಮ್" ಎಂದ.

ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟೆ. ಆಮೇಲೆ ಹೇಳಿದೆ: "ಯು ಮಸ್ಟ್."

ಹಾಕಿಕೊಂಡ. ಇಳಿಯುವಾಗ ಕೈಕುಲುಕಿದ. ಕೋಪವೇನೂ ಇರಲಿಲ್ಲ. ಆದರೆ ಮಾತು ಮ್ಯಾನೇಜರರಿಗೆ ಮುಟ್ಟಿತು.

"ಗೆಸ್ಟನ್ನ ಕೇಳ್ಬೇಕು, ಗೆಸ್ಟಿಗೆ ಹೇಳಬಾರದು" ಎಂದರು ಮ್ಯಾನೇಜರ್.

"ಹೊಳಿಗೂ ಒಂದು ಕ್ಲಾಸ್ ಇಡ್ರಿ ಸರ್. ಅದು ಯಾರನ್ನೂ ಕೇಳಂಗಿಲ್ಲ, ಎಳಕೊಂಡು ಹೋಗ್ತೈತಿ."

ಉಳಿದವರು ನಕ್ಕರು. ನಗಬಾರದಿತ್ತು. ಮ್ಯಾನೇಜರ್ ನನ್ನ ಹೆಸರು ಬರೆದುಕೊಂಡರು.

ಜುಲೈ 15

ಇಂಗ್ಲಿಷಿನವರು ಮನೆಯಲ್ಲೂ ಹೀಗೇ ಬೇಡಿಕೊಳ್ಳುತ್ತಾರಾ ಎಂದು ಸ್ಫೂರ್ತಿಯನ್ನು ಕೇಳಿದೆ. ನಕ್ಕಳು.

"ಇಲ್ಲಕ್ಕ. ತಾಯಿ ಮಗೂಗೆ ಮಸ್ಟ್ ಅಂತಾಳ. ನರ್ಸು ಹ್ಯಾವ್ ಟು ಅಂತಾಳ. ಬಸ್ಸಿನವ ಕಾಂಟ್ ಅಂತಾನ. ಉಪ್ಪು ಬೇಕಾದ್ರ ಕುಡ್ ಯು ಅನ್ರಿ. ಮನಿಗೆ ಬೆಂಕಿ ಬಿದ್ರ ಯಾರು ಅಂತಾರ?"

"ಮತ್ತ ಈ ಕೆಂಪು ಗೀಟು?"

"ಅದು ಇಂಗ್ಲಿಷಿಂದಲ್ಲ. ಸಾಹೇಬ್ರದು."

ಗೀಟು ಬಿದ್ದ ಮೂರನ್ನೂ ಈ ಡೈರಿಯ ಕೊನೆಯ ಪುಟದಲ್ಲಿ ಬರೆಸಿಕೊಂಡೆ. ಕದ್ದ ಮಾಲಿನಂತೆ.

ಜುಲೈ 18

ಡ್ಯಾಮಿನ ಗೇಟು ತೆಗೆದರಂತೆ. ನೀರು ಕೆಂಪಾಗಿದೆ. ದಂಡೆಯ ಬಂಡೆಯಲ್ಲಿ ಕೊರೆದ ಬಸವಣ್ಣನ ಮೊಣಕಾಲು ಮುಳುಗಿದೆ. ನೀರು ಅವನ ಕಿವಿಗೆ ಬಂದರೆ ನಾವು ಹರಿಗೋಲು ಕವುಚಿ ಹಾಕುತ್ತೇವೆ, ಹೊಳೆ ದಾಟುವುದಿಲ್ಲ. ಕವುಚಿದ್ದನ್ನು ಅದರ ಒಡೆಯರಲ್ಲದೆ ಬೇರೆ ಯಾರೂ ಮುಟ್ಟುವಂತಿಲ್ಲ. ಅಪ್ಪನ ಅಪ್ಪನ ಕಾಲದಿಂದ ಹೀಗೇ.

"ದಿ ರಿವರ್ ಮೇ ರೈಸ್" ಎಂದು ಹೇಳಿಕೊಟ್ಟಿದ್ದಾಳೆ ಸ್ಫೂರ್ತಿ. ಮೇ ಅಲ್ಲ ತಾಯಿ. ವಿಲ್.

ಜುಲೈ 19, ಬೆಳಿಗ್ಗೆ 8

ಪೆನ್ನು ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಸಿಟ್ಟಿಗೆ.

ಬೆಳಗಾಗುವಷ್ಟರಲ್ಲಿ ಕಿವಿ ಮುಳುಗಿತ್ತು. ನಾನು ಕವುಚಿದೆ. ಉಳಿದ ನಾಲ್ವರು ಮೇಲಿನ ಮೆಟ್ಟಿಲ ಕಡೆ ನೋಡುತ್ತಾ ನಿಂತರು. ಮ್ಯಾನೇಜರ್ ಆರು ಗೆಸ್ಟ್‌ಗಳೊಂದಿಗೆ ಇಳಿದು ಬಂದರು. ಆಚೆ ದಡದಲ್ಲಿ ಸೂರ್ಯೋದಯದ ಫೋಟೋ ಬೇಕಂತೆ.

"ವಿ ಕುಡ್ ಟ್ರೈ ಅನ್ನು ಹೊಳೆಮ್ಮ. ಸ್ವಲ್ಪ ನಗು. ಅಷ್ಟೇ."

"ಕಿವಿ ಮುಳುಗೈತ್ರಿ."

"ಕಲ್ಲು ಬಸವಣ್ಣ ಏನು ಇಂಜಿನಿಯರಾ?"

ನಮ್ಮಲ್ಲಿ ಹಿರಿಯ ಪಾಲಪ್ಪಣ್ಣ. ಅವನ ಕಡೆ ತಿರುಗಿದರು. ಪಾಲಪ್ಪಣ್ಣ ನೆಲ ನೋಡಿದ. "ಹುಷಾರಿಲೆ ಹೋದ್ರ... ನೋಡೂಣ್ರಿ..."

ನಾನು ನೇರ ಗೆಸ್ಟ್‌ಗಳಿಗೇ ಹೇಳಿದೆ: "ಯು ಕಾಂಟ್ ಗೋ. ವಿ ಮಸ್ಟ್ ನಾಟ್ ಟೇಕ್ ಯು." ಮಾತು ನೆಟ್ಟಗೆ ಬಂತು. ಅವರು ಹೊಳೆ ನೋಡಿದರು. ಒಬ್ಬಳು ಎರಡು ಮೆಟ್ಟಿಲು ಹಿಂದೆ ಸರಿದಳು.

ಮ್ಯಾನೇಜರ್ ಬಗ್ಗಿ ನನ್ನ ಹರಿಗೋಲಿನ ಅಂಚಿಗೆ ಕೈ ಹಾಕಿದರು. ಎತ್ತಿ ಅಂಗಾತ ತಿರುಗಿಸಿದರು.

ಆಮೇಲೆ ದಬ್ ಎಂದು ಸದ್ದು. ಪಾಲಪ್ಪಣ್ಣ ತನ್ನದನ್ನು ಕವುಚಿದ್ದ.

"ಕವುಚಿದ್ದಕ್ಕ ಕೈ ಹಚ್ಚಿದ್ರಿ ಸರ್. ಇವತ್ತು ಹೊಳಿ ಇಲ್ಲ. ಚಹಾ ಕುಡಿಸ್ರಿ ಅವ್ರಿಗೆ" ಎಂದ.

ದಬ್. ದಬ್. ದಬ್.

ನನ್ನದನ್ನು ಅವರ ಕೈಯಿಂದ ಬಿಡಿಸಿ, ಕವುಚಿ, ಮೇಲೆ ಹತ್ತಿ ಕುಳಿತೆ.

ಜುಲೈ 24

ಮೂರು ದಿನ ಬಸವಣ್ಣ ಕಾಣಲೇ ಇಲ್ಲ. ಹತ್ತೊಂಬತ್ತರ ಮಧ್ಯಾಹ್ನವೇ ಬೇರುಸಮೇತ ಒಂದು ಮರ ತೇಲಿ ಬಂದು, ನಾವು ದಾಟುವ ಜಾಗದಲ್ಲೇ ಗಿರ್ರನೆ ತಿರುಗಿತ್ತು. ಮ್ಯಾನೇಜರ್ ಮೇಲೆ ನಿಂತು ನೋಡಿದರು.

ಇವತ್ತು ಹೇಳಿ ಕಳಿಸಿದ್ದಾರೆ. ನಾಳೆ ಹತ್ತಕ್ಕೆ ನನ್ನದು ಬೇರೆಯೇ ಪರೀಕ್ಷೆ. ದಂಡೆಯಲ್ಲಿ ಎಲ್ಲರ ಮುಂದೆ ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆ ಓದಬೇಕು. ಇಲ್ಲದಿದ್ದರೆ ಗೆಸ್ಟ್ ಇಲ್ಲ. "ಐ ಶುಡ್ ಹ್ಯಾವ್ ಬೀನ್ ಪೊಲೈಟ್" ಎಂದು ಶುರುವಾಗಬೇಕಂತೆ. ಗೀಟು ಬಿದ್ದ ಶುಡ್! ನನ್ನ ಮೇಲೆ ಬೀಳುವುದಾದರೆ ನಡೆಯುತ್ತದೆ.

"ಬಾಯಿಮಾತು, ಓದಿಬಿಡು. ಹೊಟ್ಟಿ ನೋಡ್ಕೊ" ಎಂದಳು ಅವ್ವ. ಎಮ್ಮೆಗೆ ಹುಲ್ಲು ಹಾಕಿ ಬಂದು ಅವಳೇ: "ನಿಮ್ಮಪ್ಪ ಓದ್ತಿದ್ದಿಲ್ಲ ಬಿಡು."

ಬರೆದುಕೊಡುವ ಕೆಲಸ ಸ್ಫೂರ್ತಿಯದು. ಖಾಲಿ ಹಾಳೆ ತಂದಳು. "ನೀವೇ ಬರೀರಿ ಅಕ್ಕ. ನಾ ಸ್ಪೆಲ್ಲಿಂಗ್ ನೋಡ್ತೀನಿ. ಮಾತು ಮುಟ್ಟಂಗಿಲ್ಲ."

ನಾಲ್ಕು ಸಾಲು ಬರೆದೆ. ಎರಡು ಸ್ಪೆಲ್ಲಿಂಗ್ ತಪ್ಪು. ಮಾತು ಮುಟ್ಟಲಿಲ್ಲ.

ಜುಲೈ 25, ಹತ್ತಕ್ಕೆ ಹತ್ತು ನಿಮಿಷ

ಬಸವಣ್ಣನ ಕಿವಿ ಮೇಲೆ ಬಂದಿದೆ. ಒಳಗೆ ಕೆಸರು ತುಂಬಿತ್ತು, ಬೆರಳು ಹಾಕಿ ತೆಗೆದೆ. ಹೊಳೆ ಇಳಿದಿದೆ, ಹೋಗಬಹುದು. ಆದರೂ ಐದೂ ಹರಿಗೋಲು ಕವುಚಿಯೇ ಇವೆ.

"ಯಾಕ ಪಾಲಪ್ಪಣ್ಣ, ಎತ್ತಂಗಿಲ್ಲೇನು?"

"ಮದ್ಲ ನಿಂದು ಏಳಲಿ ತಂಗಿ. ಆಮ್ಯಾಲ ನಮ್ಮವು."

ಕವುಚಿದ ನನ್ನದರ ಮೇಲೆ ಕುಳಿತೇ ಬರೆಯುತ್ತಿದ್ದೇನೆ. ಮ್ಯಾನೇಜರ್ ಮೆಟ್ಟಿಲಿಳಿಯುತ್ತಿದ್ದಾರೆ, ಹಿಂದೆ ಗೆಸ್ಟ್‌ಗಳು. "ಎದ್ದು ನಿಂದ್ರವ್ವ" ಎಂದು ಯಾರೋ ಪಿಸುಗುಟ್ಟಿದರು. ಏಳಲಿಲ್ಲ.

ಓದುವ ಮುಂಚೆ, ನನ್ನ ಹಾಳೆಯ ಮೊದಲ ಸಾಲನ್ನು ಇನ್ನೊಮ್ಮೆ ಬರೆದು ನೋಡುತ್ತೇನೆ: ಯು ಮಸ್ಟ್ ನಾಟ್ ಟಚ್ ಮೈ