ಎಲ್ಲರಿಗೂ ಅರ್ಥವಾದ ಪಾಠ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಮೊಣಕಾಲು ನೋವು ಕಡಿಮೆಯಾಯಿತೇ? ದಿನಾ ಎಣ್ಣೆ ಹಚ್ಚಿಕೊಳ್ಳುತ್ತಿದ್ದೇನೆ ಎಂದು ನೀನು ಫೋನಿನಲ್ಲಿ ಹೇಳಿದೆ. ಎಣ್ಣೆಯ ಬಾಟಲಿ ಮಾತ್ರ ಇಲ್ಲಿ ನಮ್ಮ ಕನ್ನಡಿಯ ಪಕ್ಕದಲ್ಲಿ ಹಾಯಾಗಿ ಕೂತಿದೆ. ಮಗು ಈಗಲಾದರೂ ನಿಮ್ಮನ್ನು ನಿದ್ದೆ ಮಾಡಲು ಬಿಡುತ್ತಿದೆಯೇ? ಬಾಣಂತಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾಳಾ? ಈ ಕಾಗದವನ್ನು ನಿನಗೆ ಓದಿ ಹೇಳುತ್ತಿರುವವಳು ಅವಳೇ ಎಂದು ಗೊತ್ತು. ತಂಗೀ, ಉದ್ದವಾಯಿತು ಅಂತ ಸಾಲು ಹಾರಿಸಬೇಡ, ಪೂರ್ತಿ ಓದು. ಇಲ್ಲಿ ನಾವು ಕ್ಷೇಮ. ಶನಿವಾರ ನಾನು ನನ್ನ ಎಂ.ಎ. ಕ್ಲಾಸಿಗೆ ಹೋದರೆ ಅಡುಗೆಮನೆ ನಿನ್ನ ಅಳಿಯನ ಕೈಗೆ. ಪಾತ್ರೆಯ ತಳ ಸೀದರೆ ಒಲೆಯನ್ನು ಬೈಯುತ್ತಾರೆ.

ಮಗುವಿಗೆ ವರ್ಷ ತುಂಬುವವರೆಗೆ ನಿನ್ನನ್ನು ಅಲ್ಲೇ ಇರಿಸಿಕೊಳ್ಳುತ್ತೇನೆ ಎಂದು ತಂಗಿ ಹೇಳಿದ್ದಾಳೆ. ನಾನು ಹೂಂ ಅನ್ನಬೇಕಂತೆ. ಯೋಚನೆ ಮಾಡಿ ಹೇಳುತ್ತೇನೆ ಅಂದೆ. ನಿನ್ನನ್ನು ಕೇಳಿದರೆ, "ನಂದೇನಿದೆ, ನೀವಿಬ್ರೂ ಹೇಗೆ ಹೇಳಿದ್ರೆ ಹಾಗೆ" ಅಂದೆ ನೀನು. ಆ ಮಾತು ನನ್ನ ತಲೆಯಿಂದ ಇಳಿದಿಲ್ಲ. ಮೊದಲು ನನ್ನ ಪರೀಕ್ಷೆಯ ಫಜೀತಿ ಕೇಳು, ನಿನಗೆ ನಗು ಬರುತ್ತದೆ.

ನಮ್ಮ ಕೋರ್ಸಿನಲ್ಲಿ ಬರೆಯುವ ಪರೀಕ್ಷೆಯ ಜೊತೆಗೆ ಪಾಠದ ಪರೀಕ್ಷೆಯೂ ಇದೆ ಎಂದು ಹೇಳಿದ್ದೆನಲ್ಲ. ದೊಡ್ಡವರಿಗೆ ಓದುಬರಹ ಕಲಿಸುವವರು ನಾವು, ನಮ್ಮ ಕ್ಲಾಸಿಗೇ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಬಂದ ಪ್ರಾಧ್ಯಾಪಕಿ ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ಹಿಂದಿನ ವಾರವೇ ನನ್ನ ಕ್ಲಾಸಿನವರಿಗೆ ತಿಳಿಸಿದ್ದೆ: ಮೇಡಂ ನೋಡಲು ಬರುವುದು ನನ್ನನ್ನು, ನಿಮ್ಮನ್ನಲ್ಲ, ಎಂದಿನ ಹಾಗೇ ಇರಿ ಎಂದು. ಹೇಳಿದ್ದೇ ತಪ್ಪಾಯಿತು. ಕ್ಲಾಸಿನ ಬೀರುವಿನ ಬೀಗದಕೈ ಕೆಳಗಿನ ಅಂಗಡಿಯ ಟೈಲರ್ ಹತ್ತಿರ ಇರುತ್ತದೆ, ನಿನಗೆ ಗೊತ್ತೇ ಇದೆ. ನಾನು ತೆಗೆದಿಟ್ಟಿದ್ದ ಹಾಳೆಯನ್ನು ಅವರು ಹೊರಗೆ ತೆಗೆದು, ಸೊಸೆಯಿಂದ ಓದಿಸಿ, ಎಲ್ಲರನ್ನೂ ಅಂಗಡಿಗೆ ಕರೆದು ಬಾಯಿಪಾಠ ಮಾಡಿಸಿದ್ದಾರೆ. ಬೇಕರಿಯವನು, ಆಸ್ಪತ್ರೆಯ ಲಾಂಡ್ರಿಯಾಕೆ, ಕ್ಲಾಸಿನ ಯಾರೊಬ್ಬರೂ ನನ್ನ ಮುಂದೆ ಬಾಯಿ ಬಿಡಲಿಲ್ಲ. ಟೀಚರನ್ನು ಪಾಸು ಮಾಡಿಸುವ ಹಟ ಅವರದು.

ಹಾಳೆಯಲ್ಲಿ ಇದ್ದದ್ದು ಜ್ವರದ ಮಾತ್ರೆ ತೆಗೆದುಕೊಳ್ಳುವ ಕ್ರಮ. ಏನು ಬುದ್ಧಿ ಬಂತೋ, ಹಿಂದಿನ ದಿನ ನಾನು ಅದನ್ನು ಬದಲಾಯಿಸಿ ಕೆಮ್ಮಿನ ಔಷಧದ್ದು ಮಾಡಿದ್ದೆ. ಬೇಕರಿಯವನನ್ನು ಎಬ್ಬಿಸಿದೆ. ಅವನು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಎದೆ ಸೆಟೆಸಿ, "ಒಂದು ಮಾತ್ರೆ, ಊಟವಾದ ಮೇಲೆ, ದಿನಕ್ಕೆ ಮೂರು ಸಲ" ಎಂದು ಗಡಗಡ ಓದಿಬಿಟ್ಟ. ಆ ಹಾಳೆಯಲ್ಲಿ ಮಾತ್ರೆಯ ಸುದ್ದಿಯೇ ಇರಲಿಲ್ಲ, ಚಮಚದ ಲೆಕ್ಕ ಇತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಟೈಲರ್ ತಲೆ ಅಲ್ಲಾಡಿಸಿ ಶಭಾಷ್ ಎನ್ನುವಂತೆ ನೋಡುತ್ತಿದ್ದರು. ಕೆಟ್ಟದ್ದನ್ನು ಸರಿಮಾಡೋಣ ಎಂದು ನಾನು ಬಾಟಲಿ, ಚಮಚ ಎಲ್ಲ ತೋರಿಸಿ ಮೊದಲಿನಿಂದ ವಿವರಿಸಿ, ಅರ್ಥವಾಯಿತಾ ಎಂದು ಕೇಳಿದೆ. ಇಡೀ ಕ್ಲಾಸು ಒಂದೇ ಕಂಠದಲ್ಲಿ, "ಆಯ್ತು ಮೇಡಂ" ಅಂದಿತು.

ಪ್ರಾಧ್ಯಾಪಕಿ ಬೈಯಲಿಲ್ಲ. ಎಲ್ಲರೂ ಹೋದ ಮೇಲೆ ಚಹಾ ಕುಡಿಯುತ್ತಾ ಹೇಳಿದರು: "ನೀವು ಚೆನ್ನಾಗಿ ಹೇಳಿಕೊಡ್ತೀರಿ. ಆದ್ರೆ ಗೊತ್ತಾಗ್ಲಿಲ್ಲ ಅಂತ ಇಲ್ಲಿ ಯಾರೂ ಹೇಳೋದೇ ಇಲ್ಲ. ನಿಮಗೆ ಯಾವುದು ಇಷ್ಟವೋ ಅದನ್ನೇ ಹೇಳ್ತಾರೆ. ಪ್ರೀತಿಗೆ ಹೇಳ್ತಾರೆ, ಅದೇ ಕಷ್ಟ." ಅಂಕ ಕೊಡಲಿಲ್ಲ. ಮುಂದಿನ ತಿಂಗಳು ಮತ್ತೆ ಬರುತ್ತಾರೆ, ಆಗಲೂ ಹೀಗೇ ಆದರೆ ಈ ವರ್ಷ ಹೋದ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಲಿಸಿದವಳಿಗೆ ನಿನ್ನೆ ಮೊನ್ನೆ ಬಂದವರು ಹೇಳಬೇಕೇ ಎಂದು ದಾರಿಯುದ್ದಕ್ಕೂ ಗೊಣಗಿದೆ. ಮಾರನೆಯ ದಿನ ಟೈಲರನ್ನು ತರಾಟೆಗೆ ತೆಗೆದುಕೊಂಡರೆ, "ನೀವು ಫೇಲಾದ್ರೆ ನಾವು ಹೇಗೆ ಮುಖ ತೋರಿಸೋದು ಮೇಡಂ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರ ಮೇಲೆ ಹೇಗೆ ಸಿಟ್ಟು ಮಾಡಲಿ, ಹೇಳು.

ನೀನು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಕ್ಲಾಸಿನಲ್ಲಿ ನೀನೊಬ್ಬಳೇ ಪೆನ್ಸಿಲ್ ಕೆಳಗಿಟ್ಟು, "ತಲೆಗೆ ಹೋಗ್ಲಿಲ್ಲ ಕಣೇ, ಇನ್ನೊಂದ್ಸಲ ಹೇಳು" ಅನ್ನುತ್ತಿದ್ದವಳು. ನೀನು ಕೇಳಿದ ಮೇಲೆ ಉಳಿದವರಿಗೂ ಧೈರ್ಯ ಬರುತ್ತಿತ್ತು. ಹೆತ್ತ ತಾಯಿಯೇ ಮರ್ಯಾದೆ ತೆಗೆಯುತ್ತಾಳೆ ಎಂದು ನಾನು ಮುಖ ಊದಿಸಿಕೊಳ್ಳುತ್ತಿದ್ದೆ. ಈಗ ನಿನ್ನ ಬೆಂಚಿನಲ್ಲಿ ಯಾರನ್ನೂ ಕೂರಿಸುತ್ತಿಲ್ಲ. ನೀನು ಬೇಗ ಬರಬೇಕು ಎಂಬ ಆಸೆ ನನಗಿದೆ, ಮುಚ್ಚಿಡುವುದಿಲ್ಲ. ತಂಗಿಯ ಕೈಯಲ್ಲಿ ಹಸುಗೂಸಿದೆ, ಅದೂ ಗೊತ್ತು. ತಂಗೀ, ನಿಟ್ಟುಸಿರು ಬಿಡಬೇಡ, ನಾನು ಜಗಳಕ್ಕೆ ಬಂದಿಲ್ಲ. ಮೊನ್ನೆ ಆ ಮೇಡಂ ಹೇಳಿದ ಮಾತು ನಮ್ಮ ಮನೆಗೂ ಹೊಂದುತ್ತದೆ ಎಂದು ಅನ್ನಿಸಿತು, ಅಷ್ಟೇ.

ಮಗುವಿಗೆ ದೊಡ್ಡಮ್ಮನ ಮುತ್ತು. ಅದರಪ್ಪನಿಗೆ ನಮ್ಮಿಬ್ಬರ ನೆನಪುಗಳು. ನಿನ್ನ ಕಾಲಿಗೆ ನಮಸ್ಕಾರ, ನೋಯುವ ಮೊಣಕಾಲಿಗೆ ಇನ್ನೊಂದು.

ಇಂತಿ ನಿನ್ನ
ದೊಡ್ಡ ಮಗಳು

ತಾ.ಕ.: ತಂಗೀ, ನಿನ್ನ ಓದು ಇಲ್ಲಿಗೆ ಸಾಕು. ಕಾಗದ ಅಮ್ಮನ ಕೈಗೆ ಕೊಟ್ಟು ನೀನು ಮಗುವಿನ ಹತ್ತಿರ ಹೋಗು. ಇಣುಕಿದರೆ ನನ್ನಾಣೆ. ಅಮ್ಮನೇ ಓದುತ್ತಾಳೆ, ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಅಮ್ಮಾ,
ಇದು ನಿನಗೆ.
ನಿನಗೆ ಎಲ್ಲಿ ಇರಲು ಆಸೆ?
ಅಲ್ಲಿಯೋ, ಇಲ್ಲಿಯೋ?
ನನಗೆ ಬೇಸರ ಆಗಲಿ. ಅವಳಿಗೆ ಕೋಪ ಬರಲಿ.
ನೀನು ಹೆದರಬೇಡ.
ಫೋನು ಬೇಡ. ಯಾರಿಗೂ ಹೇಳಿ ಬರೆಸಬೇಡ.
ನೀನೇ ಬರೆ.