ಒಂದನೇ ನಂಬರಿನ ಒಲೆ

ಬಡವನಹಳ್ಳಿ, ಮಧುಗಿರಿ ತಾಲ್ಲೂಕು
ಗುರುವಾರ, ೧೩ ನವೆಂಬರ್ ೨೦೨೫

ಪ್ರೀತಿಯ ಬಿಂದೂ,

ಹೇಗಿದ್ದೀಯೆ ಮಗಳೇ? ಬೆಲೆಮ್ ಪಟ್ಟಣದಲ್ಲಿ ಮಧ್ಯಾಹ್ನವಾದರೆ ಮಳೆ ಹುಯ್ಯುತ್ತದೆ, ಕೋಣೆ ಸಾಲದೆ ಎಷ್ಟೋ ಜನರನ್ನು ಹಡಗಿನಲ್ಲಿ ಮಲಗಿಸಿದ್ದಾರೆ ಎಂದು ನೀನು ಬರೆದಿದ್ದೆ. ಮದುವೆಯಲ್ಲಿ ನೆಂಟರು ಹೆಚ್ಚಾದರೆ ನಾವು ಗಾಡಿಯಲ್ಲಿ ಮಲಗಿಸುತ್ತಿರಲಿಲ್ಲವೆ, ಹಾಗೆ. ನೆಗಡಿ ಆಗಿಲ್ಲ ತಾನೆ? ಹೊಟ್ಟೆಗೆ ಏನು ತಿನ್ನುತ್ತೀಯೆ? ಅಲ್ಲಿ ಮಾತು ಮಾತ್ರ ಪುಷ್ಕಳವಾಗಿ ಬಡಿಸುತ್ತಾರೆ ಎಂದು ಪೇಪರಿನಲ್ಲಿ ಓದಿದೆ. ಅದನ್ನೇ ತಿಂದು ಮಲಗಬೇಡ. ನಾನು ಚೆನ್ನಾಗಿದ್ದೇನೆ, ಮಂಡಿಯೊಂದನ್ನು ಬಿಟ್ಟು. ಮಧುಗಿರಿಯ ಮನೆಗೆ ಬೀಗ ಹಾಕಿ ತಿಂಗಳಿಂದ ಅಕ್ಕನ ಮನೆಯಲ್ಲೇ, ನಿಮ್ಮಮ್ಮನ ಜೊತೆಯಲ್ಲೇ ಇದ್ದೇನೆ. ಫೋನು ಮಾಡದೆ ಹೀಗೆ ಕೈಯಲ್ಲಿ ಬರೆದು, ಹಾಳೆಯ ಫೋಟೋ ತೆಗೆದು ಕಳಿಸುವುದಕ್ಕೆ ಕಾರಣವಿದೆ. ನಾನು ಫೋನು ಹಿಡಿದರೆ ಅಕ್ಕ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಅವಳ ವಿಷಯವನ್ನು ಅವಳ ಮುಂದೆಯೇ ಆಡುವ ಧೈರ್ಯ ನನಗಿಲ್ಲ.

ಕಾಪ್ ಮೂವತ್ತು ಎಂದರೆ ಭೂಮಿ ಕಾಯುವುದನ್ನು ತಡೆಯಲು ದೇಶಗಳೆಲ್ಲ ಸೇರುವ ಮೂವತ್ತನೆಯ ಸಭೆ ಎಂದು ಅವಳಿಗೆ ವಿವರಿಸಿದೆ. “ಮೂವತ್ತು ಸಲ ಕೂತ್ರೂ ಮುಗೀಲಿಲ್ವಾ? ಏನ್ಲಾ ಅದು, ನಮ್ ಮಾಲಿಂಗಣ್ಣನ ದಾವೆನಾ?” ಎಂದಳು. ಮಧುಗಿರಿ ಕೋರ್ಟಿನಲ್ಲಿ ನಡೆಯುತ್ತಲೇ ಇರುವ ನಮ್ಮ ಮಹಾಲಿಂಗಯ್ಯನ ಪಾಲಿನ ದಾವೆ ನಿನಗೆ ನೆನಪಿರಬೇಕು. ಅವನ ಅಣ್ಣ ತಾತನ ಕಾಲದಿಂದ ತೋಟದ ಫಲವನ್ನೆಲ್ಲ ತಿಂದು ತೇಗಿ, ಬಾವಿ ಬತ್ತಿದ ಮೇಲೆ ತಮ್ಮನನ್ನು ಕರೆದು, “ಇನ್ಮೇಲೆ ಇಬ್ರೂ ಹಿಡಿತದಲ್ಲಿ ನೀರು ಬಳಸಾನ ಕಣಪ್ಪ” ಎಂದಿದ್ದ. ತಮ್ಮ ಪರಿಹಾರ ಕೇಳಿದ, ವಾಯಿದೆ ಬಿತ್ತು. ಅಂದಿನಿಂದ ಬೀಳುತ್ತಲೇ ಇದೆ. ದೊಡ್ಡ ದೇಶಗಳನ್ನು ಅಣ್ಣನೆಂದೂ ನಮ್ಮನ್ನು ತಮ್ಮನೆಂದೂ ಇಟ್ಟುಕೊಂಡರೆ ನಿಮ್ಮ ಸಭೆಯೂ ಅದೇ. ಮೂವತ್ತು ಕಾಪು ಆದರೂ ಯಾರಿಗೂ ಸರಿಯಾಗಿ ಕೋಪ ಬಂದಿಲ್ಲ ಎಂಬುದೊಂದು ನನ್ನ ದೂರು. ಆದರೆ ನಿಮ್ಮ ಅಣ್ಣಂದಿರು ನಮ್ಮ ಅಣ್ಣನಿಗಿಂತ ಜಾಣರು. ಹೊಗೆ ಬಿಡುವುದನ್ನು ನಿಲ್ಲಿಸುವ ಬದಲು, ಬೇರೆ ಯಾರೋ ಬಿಡದೆ ಉಳಿಸಿದ ಹೊಗೆಯನ್ನು ದುಡ್ಡು ಕೊಟ್ಟು ಕೊಂಡು, ತಮ್ಮ ಹೊಗೆಯ ಪಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಸೋಲಾರ್ ಕರೆಂಟಿನಿಂದ ಪಾವಗಡದ ಬಿಸಿಲಿಗೆ ಬೆಲೆ ಬಂದಾಗಲೇ ಆಶ್ಚರ್ಯಪಟ್ಟಿದ್ದೆ, ಈಗ ಬಡವನಹಳ್ಳಿಯ ಇಲ್ಲದ ಹೊಗೆಗೂ ಬೆಲೆಮ್‌ನಲ್ಲಿ ಬೆಲೆ! ಸೋಮವಾರ ನೀನು ವೇದಿಕೆ ಹತ್ತಿ ಹೇಳುವುದು ಇದನ್ನೇ ಅಲ್ಲವೆ? ಪರದೆಯ ಮೇಲೆ ತೋರಿಸುವ ಚಿತ್ರವನ್ನೂ ಕಳಿಸಿದ್ದೆ. ನಿಮ್ಮಮ್ಮ, ಅವಳ ಮುಂದೆ ಹೊಸ ಒಲೆ, ಅದರ ಮೇಲೆ ಮುದ್ದೆಯ ಪಾತ್ರೆ. ಅವಳು ಅದನ್ನು ಊರಿಗೆಲ್ಲ ತೋರಿಸಿ ಬಂದಿದ್ದಾಳೆ. “ನಮ್ಮನೆ ಒಲೆ ಪಾರಿನ್ನಿಗೆ ಹೋಗ್‌ಬುಡ್ತು, ನಾನೇ ಇಲ್ಲುಳ್ಕಂಡೆ” ಅಂತ.

ಆ ಒಲೆಯ ಕಥೆ ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ಇದುವರೆಗೆ ನಾವು ಮೂವರೂ ಅದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ಎರಡು ವರ್ಷದ ಹಿಂದೆ ನಿನ್ನ ಸಂಸ್ಥೆ ಊರಿನ ನಲವತ್ತೆರಡು ಮನೆಗಳಿಗೆ ಹೊಗೆ ಕಡಿಮೆಯ ತಗಡಿನ ಒಲೆ ಕೊಟ್ಟಿತು. ಒಂದನೇ ನಂಬರು ನಿಮ್ಮಮ್ಮನ ಮನೆಗೆ. ಹಾಲಿನ ಡೈರಿಯ ಗೋಡೆಗೆ ಘೋಷಣೆ ಬೇಕೆಂದು ನೀನು ಕೇಳಿದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಅದೇನು ಮಹಾ? ‘ಹೊಗೆ ಹೋಗಲಿ, ನಗೆ ಬರಲಿ’ ಎಂದು ಬರೆದುಕೊಟ್ಟು ಮೀಸೆ ತಿರುವಿದೆ. ಮಾರನೆಯ ದಿನ ಅಕ್ಕ ಹೊಸ ಒಲೆಯ ಮೇಲೆ ಎಸರಿಟ್ಟು ಹಿಟ್ಟು ಹಾಕಿದಳು. ಮುದ್ದೆ ತಿರುವುವುದೆಂದರೆ ಸಕ್ಕರೆ ಕಲಕಿದ ಹಾಗಲ್ಲವಲ್ಲ. ಕವೆಗೋಲಿನಲ್ಲಿ ಪಾತ್ರೆಯನ್ನು ಒತ್ತಿ ಹಿಡಿದು, ಮೈಯ ಭಾರವನ್ನೆಲ್ಲ ಕೋಲಿಗೆ ಬಿಡಬೇಕು. ಒಲೆ ಮೂರು ಪುಟ್ಟ ಕಾಲುಗಳ ಮೇಲೆ ಕುಣಿಯಿತು, ಪಾತ್ರೆ ಉರುಳಿತು, ಕಾಲು ಬೊಬ್ಬೆಯೆದ್ದಿತು. ಎಲ್ಲೋ ಕೂತು ಆ ಒಲೆಯನ್ನು ರೂಪಿಸಿದ ಪುಣ್ಯಾತ್ಮರು ಮುದ್ದೆಯನ್ನೇ ನೋಡಿಲ್ಲ. ಅಂದಿನಿಂದ ಅದರೊಳಗೆ ಕೋಳಿ ಕಾವು ಕೂರುತ್ತದೆ. ಗ್ಯಾಸು ಟೀಗೆ ಮತ್ತು ನೆಂಟರಿಗೆ. ಮುದ್ದೆಗೂ ಸ್ನಾನದ ನೀರಿಗೂ ಹಿತ್ತಿಲ ಸೂರಿನಡಿಯ ಹಳೇ ಮಣ್ಣೊಲೆಯೇ, ಜಾಲಿ ಸೌದೆಯೇ.

ಆಮೇಲೆ ನೀನು ಒಲೆಗಳನ್ನು ಪರೀಕ್ಷಿಸಲು ಹೊರದೇಶದ ಹೆಂಗಸೊಬ್ಬರನ್ನು ಕರೆತಂದೆ. ಊರಿಗೇ ಹೆಣ್ಣು ನೋಡುವ ಶಾಸ್ತ್ರ! ಕೋಳಿಯನ್ನು ಇಳಿಸಿದರು, ಒಲೆಗೆ ಅರಿಶಿನ ಕುಂಕುಮ ಇಟ್ಟರು. ಅಕ್ಕ ಹಿತ್ತಿಲಲ್ಲಿ ಮುದ್ದೆ ಮಾಡಿ, ಹಳೇ ಒಲೆಗೆ ಚಾಪೆ ಮುಚ್ಚಿ, ಪಾತ್ರೆಯನ್ನು ತಂದು ಹೊಸದರ ಮೇಲೆ ಇಟ್ಟಳು. ನಿನ್ನ ಜೊತೆಯ ಗೌರೀಶ್ ಫೋಟೋ ತೆಗೆದ. ನಿನ್ನ ಪರದೆಯ ಮೇಲಿನದು ಅದೇ. “ದಿನಾ ಇದ್ರಾಗೇ ಮಾಡದು ಕಣಮ್ಮ” ಎಂದಳು ಅಕ್ಕ. ಅಷ್ಟು ದೂರದಿಂದ ಬಂದವರ ಮುಖ ಬಾಡಿಸುವುದುಂಟೆ, ಅದೂ ಮಗಳ ಎದುರಿಗೆ? ಒಂದನೇ ನಂಬರಿನ ಸರಸಮ್ಮನೇ ಹೂಂ ಎಂದಮೇಲೆ ಉಳಿದ ನಲವತ್ತೊಂದು ಮನೆಯವರೂ ಹೂಂ ಎಂದರು. ಆಯಮ್ಮ ಮುದ್ದೆಯನ್ನು ಅಗಿಯುತ್ತಾ ಕೂತಾಗ ಅಕ್ಕ, “ಅಗೀಬಾರ್ದು, ನುಂಗ್ಬೇಕು” ಎಂದು ಕಲಿಸಿಕೊಟ್ಟಳು. ನಾನು ಜಗುಲಿಯ ಮೇಲೆ ಕೂತು ನಗೆಚಾಟಿಕೆ ಮಾಡಿದೆ. ನೀನು ಹಿತ್ತಿಲಿಗೆ ಹೋಗಲಿಲ್ಲ. ಹುಟ್ಟಿ ಬೆಳೆದ ಮನೆಗೆ ಬಂದು ಹಿತ್ತಿಲಿಗೆ ಕಾಲಿಡದೆ ನೀನು ವಾಪಸಾದದ್ದು ಅದೊಂದೇ ಸಲ. ನಾನು ಗಮನಿಸಿದೆ ಮಗಳೇ. ಬೈಯುತ್ತಿಲ್ಲ. ಗೋಡೆ ತುಂಬ ಸುಳ್ಳು ಬರೆದವನಿಗೆ, ಪರೀಕ್ಷೆಯ ಕಾಗದದಲ್ಲಿ ‘ಒಲೆ ಬಳಕೆಯಲ್ಲಿದೆ’ ಎಂದು ಒಂದು ಗೀಟು ಹಾಕಿದವಳನ್ನು ಬೈಯುವ ಯೋಗ್ಯತೆ ಎಲ್ಲಿದೆ?

ಹೀಗಾಗಿ ಲೆಕ್ಕ ಏನಾಯಿತು ನೋಡು. ಅಕ್ಕ ದಿನಾ ನುಂಗಿದ ಹೊಗೆಯನ್ನು, ಹುಟ್ಟಲೇ ಇಲ್ಲ ಎಂದು ಬರೆದುಕೊಂಡರು. ಅದನ್ನು ಕೊಂಡ ಯಾರೋ ಅಷ್ಟೇ ಹೊಗೆಯನ್ನು ನಿಶ್ಚಿಂತೆಯಿಂದ ಆಕಾಶಕ್ಕೆ ಬಿಟ್ಟರು. ನಿನ್ನ ವಿಮಾನದ್ದೇ ಇದ್ದರೂ ಇರಬಹುದು. ಒಂದೇ ಹೊಗೆ ಎರಡು ಸಲ ಬಿಟ್ಟಂತಾಯಿತು, ನುಂಗಿದವಳು ಮಾತ್ರ ಒಬ್ಬಳೇ.

ಯುಗಾದಿಯ ಹೊತ್ತಿಗೆ ಶುರುವಾದ ಅವಳ ಕೆಮ್ಮು ಇನ್ನೂ ನಿಂತಿಲ್ಲ. ನಿನಗೆ ಫೋನಿನಲ್ಲಿ ‘ನೆಗಡಿ’ ಎನ್ನುತ್ತಾಳಲ್ಲ, ಅದು. ಈಗ ಬೀದಿ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಾಳೆ. ಕೊರಟಗೆರೆಯ ಮೇಲೆ ತುಮಕೂರಿಗೆ ಮೂರು ಸಲ ಹೋಗಿ ಬಂದೆವು. ಬಸ್ಸಿನಲ್ಲಿ ಗೊರವನಹಳ್ಳಿ ದೇವಸ್ಥಾನಕ್ಕೆ ಹೋಗುವವರ ಬುಟ್ಟಿಯ ಹೂವಿನ ವಾಸನೆಗೂ ಅವಳಿಗೆ ಉಸಿರು ಕಟ್ಟುತ್ತದೆ. ಎದೆಯ ಡಾಕ್ಟರು ಎಕ್ಸ್‌ರೇ ನೋಡಿ, “ಸೌದೆ ಒಲೇಲಿ ಅಡುಗೆ ಮಾಡ್ತೀರಾಮ್ಮಾ?” ಎಂದು ಕೇಳಿದರು. ಅಕ್ಕ ಸೆರಗು ಸರಿಮಾಡಿಕೊಂಡು, “ಇಲ್ಲ ಸಾ, ನಮ್ದು ಹೊಗೆ ಇಲ್ದಿರೋ ಒಲೆ. ನಂಬ್ರು ಐತೆ, ಒಂದ್ನೇ ನಂಬ್ರು” ಎಂದಳು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹೊರಗೆ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಯಾಕೆ ಹಾಗಂದೆ ಎಂದರೆ, “ನಾನು ಹೂಂ ಅಂದ್ರೆ ಮಗ್ಳು ಬರ್ದಿರೋ ಕಾಗ್ದ ಸುಳ್ಳಾಗ್‌ಬುಡಲ್ವೇನ್ಲಾ ರಂಗ? ಅಷ್ಟ್ ದೂರ ಹೋಗವ್ಳೆ, ಎಲ್ರ ಮುಂದೆ ನಿಂತ್ಕಂಡು ಮಾತಾಡ್ತಾಳೆ. ನನ್ನೆದೆ ಹೆಂಗೋ ನಡೀತದೆ ಬುಡು” ಎಂದಳು. ಕ್ಷಯವೇನೋ ಎಂದು ಕಫ ನೋಡಿದರು, ಅಲ್ಲ. ಬೀಡಿಯಿಲ್ಲ, ಹೊಗೆಯಿಲ್ಲ, ಮತ್ತೆ ಎದೆ ಯಾಕೆ ಹೀಗೆ ಎಂದು ಡಾಕ್ಟರು ಹುಡುಕುತ್ತಲೇ ಇದ್ದಾರೆ. ಅವಳು ಮನೆಗೆ ಬಂದು ಮತ್ತೆ ಆ ಸೂರಿನಡಿಗೇ ಹೋಗಿ ಊದುಕೊಳವೆ ಹಿಡಿಯುತ್ತಾಳೆ. ನಾನು ಗ್ಯಾಸು ಹಚ್ಚಿದರೆ ಆರಿಸುತ್ತಾಳೆ.

ಇವತ್ತು ಬೆಳಗ್ಗೆ ಸುಣ್ಣ ಕಲಸಿಕೊಂಡು ಹೋಗಿ ಡೈರಿಯ ಗೋಡೆಯ ಮೇಲಿನ ನನ್ನ ಸಾಲನ್ನು ಬಳಿದುಬಂದೆ. ಹಾಲು ಅಳೆಯುವ ಭೀಮರಾಜು, “ಯಾಕ್ ಮೇಷ್ಟ್ರೇ, ಚೆನ್ನಾಗೇ ಇತ್ತಲ್ಲ?” ಎಂದ. ಕಾಗುಣಿತ ತಪ್ಪಿತ್ತು ಕಣಯ್ಯ ಎಂದೆ. ನೋಡು, ಸುಳ್ಳು ಅಳಿಸುವಾಗಲೂ ಇನ್ನೊಂದು ಸುಳ್ಳು.

ವೇಳೆಗೆ ಸರಿಯಾಗಿ ಊಟ ಮಾಡು. ಒದ್ದೆ ತಲೆಯಲ್ಲಿ ಆ ತಣ್ಣನೆಯ ಸಭಾಂಗಣಕ್ಕೆ ಹೋಗಬೇಡ. ನೀನು ಎಲ್ಲಿ ನಿಂತು ಮಾತಾಡಿದರೂ ನನ್ನ ಹರಕೆ ನಿನ್ನ ಬೆನ್ನಿಗಿರುತ್ತದೆ.

ನಿನ್ನ ಸೋದರಮಾವ,
ರಂಗಸ್ವಾಮಿ

ಮೊದಲೇ ಬರೆಯಬೇಕಾಗಿದ್ದದ್ದು: ಕಾರಣ ಸಿಗದ್ದಕ್ಕೆ ಸೋಮವಾರ ಬೆಳಗ್ಗೆ ಹತ್ತಕ್ಕೆ ಅವಳ ಗಂಟಲೊಳಗೆ ಕೊಳವೆ ಇಳಿಸಿ, ಎದೆಯ ಚೂರು ಕಿತ್ತು ನೋಡುತ್ತಾರಂತೆ. ನಾನೇ ನಿಜ ಹೇಳುತ್ತೇನೆ ಎಂದದ್ದಕ್ಕೆ ತನ್ನ ಮೇಲೆ ಆಣೆ ಹಾಕಿದ್ದಾಳೆ. ನಿನ್ನೆ ಕೋಳಿಯನ್ನು ಮೊಟ್ಟೆ ಸಮೇತ ಇಳಿಸಿ ಹೊಸ ಒಲೆ ಹಚ್ಚಿದಳು, ನಿನ್ನ ಕಾಗದ ನಿಜವಾಗಲಿ ಎಂದು. ಕೋಲು ತಿರುವಲು ಉಸಿರು ಸಾಲಲಿಲ್ಲ. ತಟ್ಟೆಗೆ ಬಂದದ್ದು ಹಸಿ ಹಿಟ್ಟು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅಗಿಯದೆ ನುಂಗಿದೆ. ಭಾನುವಾರದೊಳಗೆ ಫೋನು ಮಾಡು. ಪರದೆಯ ಮೇಲೆ ಏನು ತೋರಿಸುತ್ತೀಯೋ ನಿನಗೆ ಬಿಟ್ಟದ್ದು, ನಲವತ್ತೊಂದು ಮನೆಯ ಮಾತು ಆಮೇಲೆ. ಅವಳಿಗೆ ಮಾತ್ರ ಇಷ್ಟು ಹೇಳು: “ಹಿತ್ತಿಲ ಒಲೆ ನಾನು ನೋಡಿದ್ದೆ ಕಣಮ್ಮ. ಡಾಕ್ಟ್ರಿಗೆ ಹೇಳ್‌ಬುಡು.”