ದಡಾರ ಹೋದ ಮೇಲೆ

ರೀ,

ನಮ್ಮ ನೀಲಾಳನ್ನು ಆಸ್ಪತ್ರೆಗೆ ಸೇರಿಸಿದ್ದೇನೆ. ನ್ಯುಮೋನಿಯಾ ಅಂತೆ. ನಿಮ್ಮ ಫೋನು ಫ್ಯಾಕ್ಟರಿ ಗೇಟಿನಲ್ಲೇ ಇರುತ್ತದಲ್ಲ, ಅದಕ್ಕೇ ಈ ಚೀಟಿ. ಅವಳ ಬಟ್ಟೆ ತೆಗೆದುಕೊಂಡು ಮತ್ತೆ ಓಡುತ್ತಿದ್ದೇನೆ. ನಿಮ್ಮವ್ವ ಅವಳ ಹತ್ತಿರ ಇದ್ದಾರೆ.

ಟ್ರಂಕಿನಲ್ಲಿ ಚುಚ್ಚುಮದ್ದಿನ ಕಾರ್ಡಿದೆ, ತನ್ನಿ. ದಡಾರದ್ದು ಹಾಕಿಸಿಲ್ಲ ಎಂದು ಒಪ್ಪಿಕೊಂಡೆ. ಡಾಕ್ಟರ್ ಬೈದರು, ಬೈಸಿಕೊಂಡೆ.

ಬಾಗಿಲಿನ ಬೇವಿನ ಸೊಪ್ಪು ಕಿತ್ತುಹಾಕಿ. ದದ್ದು ಮಾಯವಾದ ದಿನ "ಅಮ್ಮ ಹ್ವಾದ್ಲು, ಇನ್ನ ಅಂಜಿಕಿಲ್ಲ" ಎಂದು ನಿಮ್ಮವ್ವ ವಠಾರದ ಮಕ್ಕಳನ್ನೆಲ್ಲ ಕರೆದು ಮೊಸರನ್ನ ಉಣಿಸಿದರಲ್ಲ, ಆ ಕೆಮ್ಮುವ ಮಕ್ಕಳ ನಡುವೆ ನೀಲಾಳನ್ನು ಕೂರಿಸಿದವಳು ನಾನೇ. ಅವ್ವನಿಗೆ ಏನೂ ಅನ್ನಬೇಡಿ.

"ದಡಾರ ವಾಸಿಯಾದ್ರೆ ಮುಗೀತು ಅಂದ್ಕೋಬೇಡಮ್ಮ. ಹಳೇ ಕಾಯಿಲೆಗಳ ಜೊತೆ ಹೋರಾಡಿ ಮೈ ಕಲಿತಿದ್ದನ್ನೆಲ್ಲ ಅದು ಎಷ್ಟೋ ಅಳಿಸಿಬಿಡುತ್ತೆ. ಇನ್ನೂ ಎಷ್ಟೋ ತಿಂಗಳು ಇವಳು ಹಸುಗೂಸು ಇದ್ದಂಗೆ" ಎಂದರು ಡಾಕ್ಟರ್.

ನಾಲ್ಕು ವರ್ಷದವಳು ರೀ.

ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ಬನ್ನಿ, ಬಾಣಂತಿ ಕೋಣೆಗೆ ಬರುತ್ತಿದ್ದ ಹಾಗೆ. ಆದರೆ ನಿನ್ನೆಯಿಂದ ನೀವೂ ಕೆಮ್ಮುತ್ತಿದ್ದೀರಿ. ಕಾರ್ಡನ್ನು ನರ್ಸ್ ಕೈಗೆ ಕೊಟ್ಟು ಗಾಜಿನ ಆಚೆಯೇ ನಿಲ್ಲಿ. ಅವಳು "ಅಪ್ಪಾ" ಎಂದು ಕೈಚಾಚಿದರೂ ಒಳಗೆ ಬರಬೇಡಿ.